ಕರಡಿ ಮಲಗಿದ ಜಾಗ

ಆಲ್ಡರ್ ಸರೋವರ, ಉತ್ತರ ಮಿನ್ನೆಸೋಟ
ಮಾರ್ಚ್ ೧೭, ೧೯೮೬

ಶ್ರೀ ಲೀರಾಯ್ ಇಷಮ್ ಅವರಿಗೆ,

ಲಕೋಟೆಯ ಮೇಲಿನ ಕೈಬರಹವನ್ನು ಕಂಡೊಡನೆ ನೀವು ಇದನ್ನು ಒಲೆಗೆ ಹಾಕಿರಬಹುದು. ಹಾಕಿಲ್ಲವಾದರೆ ಇಷ್ಟರಮಟ್ಟಿಗೆ ಓದಿದ್ದೀರಿ ಎಂದಾಯಿತು. ದಯವಿಟ್ಟು ಇನ್ನೂ ಸ್ವಲ್ಪ ಓದಿ. ಇದು ನನ್ನ ಹತ್ತನೆಯ ಕ್ಷಮಾಪಣೆಯಲ್ಲ.

ನಮ್ಮ ಅಡುಗೆಮನೆಯ ಒಲೆಯ ಹಿಂದೆ, ಸೇಬಿನ ಪೆಟ್ಟಿಗೆಯೊಳಗೆ, ಒಂದು ಕರಿಕರಡಿಯ ಮರಿ ಮಲಗಿದೆ. ಹೆಣ್ಣು. ವಯಸ್ಸು ಎಂಟು ವಾರವೆಂದು ನನ್ನ ಅಂದಾಜು. ಸೈಮಾಳ ಹಿಟ್ಟಿನ ತಕ್ಕಡಿಯಲ್ಲಿ ನಾಲ್ಕೂವರೆ ಪೌಂಡು ತೂಗಿತು. ಎಡಗಿವಿಯ ತುದಿಯಲ್ಲಿ ಕಾಳಿನಷ್ಟು ಚೂರು ಹಾರಿಹೋಗಿದೆ. ಅದು ಮರ ಕಡಿಯುವವರ ನಾಯಿಯ ಕೆಲಸ.

ನಡೆದದ್ದು ಇಷ್ಟು. ಶುಕ್ರವಾರ, ಸೈಮಾಳ ಸೋದರಳಿಯ ವೇಕ್ಕೊ ಮರ ಕಡಿಯುತ್ತಿದ್ದ ಕಡೆ, ದಿಮ್ಮಿ ಎಳೆಯುವ ಯಂತ್ರದ ಗಾಲಿ ಒಂದು ಗವಿಯ ಚಾವಣಿಯನ್ನು ಕುಸಿಯುವಂತೆ ಮಾಡಿತು. ತಾಯಿ ಹೊರಗೆ ನೆಗೆದು ಪಡುವಣಕ್ಕೆ ಓಡಿತು. ಒಳಗೆ ಇದೊಂದೇ ಮರಿ. ಅವನು ಅದನ್ನು ಅಂಗಿಯೊಳಗಿಟ್ಟುಕೊಂಡು ನೇರವಾಗಿ ನಮ್ಮ ಮನೆಗೆ ಬಂದ.

"ತಾಯಿ ಓಡ್ಹೋದ್ಲು ಅತ್ತೆ. ಚಳೀಲಿ ಸಾಯೋದು ಬೇಡ ಅಂತ ಎತ್ಕೊಂಡ್ ಬಂದೆ."

"ಓಡಿದೋಳು ವಾಪಸ್ ಬರ್ತಾಳೆ ಕಣೋ ದಡ್ಡ! ಯಂತ್ರ ನಿಲ್ಲಿಸಿ, ನಾಯಿ ಕಟ್ಟಿ, ನೀವೆಲ್ಲ ತೊಲಗಿದ್ರೆ ಸಂಜೆಗೇ ಬಂದಿರೋಳು. ಆರನೇ ಕ್ಲಾಸಲ್ಲಿ ನಿಂಗೆ ಇದನ್ನ ಪಾಠ ಮಾಡಿದ್ದು ನಿಮ್ಮ ಮಾವ, ಇವರೇ ತಾನೆ?"

"ಮಾಡಿದ್ರು. ಆವತ್ತು ನಾನು ಮೀನು ಹಿಡಿಯೋಕ್ ಹೋಗಿದ್ದೆ."

ಸೈಮಾ ಹೇಳಿದ್ದು ಸರಿಯೇ ಆಗಿತ್ತು. ಶನಿವಾರ ಬೆಳಗ್ಗೆ ನಾನೂ ವೇಕ್ಕೊನೂ ಮರಿಯನ್ನು ಹಿಂದಕ್ಕೆ ಒಯ್ದೆವು. ಹಿಮದ ಮೇಲೆ ಹೆಜ್ಜೆಗಳಿದ್ದವು. ತಾಯಿ ಹಿಂದಿನ ಸಂಜೆ ಬಂದಿದ್ದಳು, ಗವಿಯನ್ನು ಮೂರು ಸುತ್ತು ಸುತ್ತಿದ್ದಳು, ಬರಿದಾದ ಹುಲ್ಲುಹಾಸಿಗೆಯನ್ನು ಕೆದಕಿದ್ದಳು, ಹೊರಟುಹೋಗಿದ್ದಳು. ಮರಿಯನ್ನು ಒಳಗಿಟ್ಟು ಎರಡು ದಿನ ದೂರದಲ್ಲಿ ಕಾದೆವು, ನಡುನಡುವೆ ಹಾಲು ಕುಡಿಸುತ್ತ. ಹೊಸ ಹಿಮ ಬಿದ್ದು ಹೆಜ್ಜೆಗಳೂ ಅಳಿಸಿದವು. ಅವಳು ಬರಲಿಲ್ಲ.

ವನ್ಯಜೀವಿ ಇಲಾಖೆಯ ಅಧಿಕಾರಿಗೆ ದೂರವಾಣಿ ಮಾಡಿದೆ. "ಮೃಗಾಲಯಕ್ಕೆ ಕೇಳ್ತೀವಿ. ಅವರಿಗೂ ಬೇಡ ಅಂದ್ರೆ ಸಾಯೋ ಸೂಜೀನೇ, ಮೇಷ್ಟ್ರೇ. ಬಾಟಲಿ ಹಾಲಲ್ಲಿ ಬೆಳೆದ ಕರಡಿನ ಕಾಡಿಗೆ ಬಿಟ್ರೆ ಅದು ಜನರ ಬಾಗಿಲಿಗೇ ಬರೋದು" ಎಂದ. ಅವನ ಮಾತಿನಲ್ಲಿ ತಪ್ಪಿಲ್ಲ. ಏಪ್ರಿಲ್ ಒಂದನೆಯ ತಾರೀಖಿನವರೆಗೆ ಗಡುವು ಕೊಟ್ಟಿದ್ದಾನೆ.

ಇನ್ನೊಂದು ದಾರಿಯಿದೆ, ಅದನ್ನು ನನಗೆ ತಿಳಿಸಿದವರು ನೀವೇ. ಗವಿಯಲ್ಲಿ ಮರಿಗಳೊಡನೆ ಇನ್ನೂ ಮಂಪರಿನಲ್ಲಿರುವ ತಾಯಿ, ಪಕ್ಕಕ್ಕೆ ತೆವಳಿ ಬಂದ ಪರರ ಮರಿಯನ್ನೂ ಹಾಲಿಗೆ ಬಿಟ್ಟುಕೊಳ್ಳುತ್ತಾಳೆ. ಏಪ್ರಿಲ್ ನಡುವಿಗೆ ಅವಳು ಹೊರಬಂದು ಮೂಗು ಚುರುಕಾಯಿತೆಂದರೆ ಆ ಬಾಗಿಲು ಮುಚ್ಚಿದಂತೆ. ಅಂಥ ತಾಯಿ ಎಲ್ಲಿ ಮಲಗಿದ್ದಾಳೆಂಬುದು ಈ ಸೀಮೆಯಲ್ಲಿ ತಿಳಿದಿದ್ದರೆ ನಿಮಗೆ ಮಾತ್ರ.

ಕೇಳುವ ಯೋಗ್ಯತೆ ನನಗಿಲ್ಲವೆಂಬುದನ್ನು ಬಲ್ಲೆ. ಹತ್ತು ವರ್ಷದ ಹಿಂದೆ ನೀವು ನಂಬಿ ತೋರಿಸಿದ ಗವಿಯನ್ನು ಕುರಿತು ನಾನು ವಾರಪತ್ರಿಕೆಗೆ ಲೇಖನ ಬರೆದೆ. ಸೇತುವೆಯಿಂದ ಉತ್ತರಕ್ಕೆ ಎಷ್ಟು ದೂರ, ಬುಡಮೇಲಾದ ಸ್ಪ್ರೂಸ್ ಮರ ಯಾವುದು ಎಂಬುದನ್ನು, ತರಗತಿಯಲ್ಲಿ ಮಕ್ಕಳಿಗೆ ಕಲಿಸಿದ ಅದೇ ನಿಖರತೆಯಿಂದ ಬರೆದೆ. ಮುಂದಿನ ಭಾನುವಾರ ಹೊರ ಊರಿನ ಮೂವರು ಆ ನಿಖರತೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ ತಾಯಿಯನ್ನೂ ಎರಡು ಮರಿಗಳನ್ನೂ ಕೊಂದರು. ಆಮೇಲೆ ನಾಲ್ಕು ವರ್ಷ ನೀವು ಓಡಿಸುತ್ತಿದ್ದ ಶಾಲಾ ಬಸ್ಸಿನಲ್ಲೇ ನಾನು ಓಡಾಡಿದೆ. "ಬಾಗಿಲು ಹಾಕಿ" ಎಂಬುದರ ಹೊರತು ನೀವು ನನ್ನೊಡನೆ ಒಂದು ಮಾತೂ ಆಡಲಿಲ್ಲ. ಅದು ನ್ಯಾಯವೇ ಆಗಿತ್ತು.

ಜಾಗವನ್ನು ನನಗೆ ಹೇಳಬೇಕೆಂದು ಕೇಳುತ್ತಿಲ್ಲ. ಮರಿಯನ್ನು ಒಯ್ಯಿರಿ ಎಂದಷ್ಟೇ ಬೇಡುತ್ತೇನೆ.

ಇಂತಿ,
ರೇನೊ ಕಂಗಾಸ್

*

ರೈಸ್ ಬೇ
ಮಾರ್ಚ್ ೧೯, ೧೯೮೬

ರೇನೊ ಕಂಗಾಸ್ ಅವರಿಗೆ,

ಪತ್ರ ಬಂತು. ಒಲೆಗೆ ಹಾಕಲಿಲ್ಲ.

ಮರಿಗೆ ಬರೀ ಹಸುವಿನ ಹಾಲು ಕೊಡುತ್ತಿದ್ದರೆ ಇವತ್ತೇ ನಿಲ್ಲಿಸಿ. ಕರಡಿಯ ಹಾಲು ಕೆನೆಯಷ್ಟು ಗಟ್ಟಿ. ಡಬ್ಬಿಯ ಹಾಲಿಗೆ ಕೆನೆ ಬೆರೆಸಿ, ಬೆಚ್ಚಗೆ ಕೊಡಿ. ಕುಡಿದ ಮೇಲೆ ಒದ್ದೆ ಬಟ್ಟೆಯಿಂದ ಹೊಟ್ಟೆಯ ಕೆಳಗೆ ಒರೆಸಬೇಕು, ತಾಯಿ ನೆಕ್ಕುವ ಹಾಗೆ. ಒರೆಸದಿದ್ದರೆ ಅದಕ್ಕೆ ಉಚ್ಚೆ ಬರುವುದಿಲ್ಲ. ಕುಡಿಯುವಾಗ ಗುನುಗುತ್ತಿದ್ದರೆ ಹಸಿವು ಬಿಟ್ಟು ಬೇರೆ ತೊಂದರೆಯಿಲ್ಲ ಎಂದರ್ಥ. ಗುನುಗುವುದನ್ನು ನಿಲ್ಲಿಸಿದರೆ ಹೆದರಿಕೊಳ್ಳಿ.

ಹೆಸರಿಡಬೇಡಿ. ಸೈಮಾ ಆಗಲೇ ಇಟ್ಟಿರುತ್ತಾಳೆ. ಆ ಹೆಸರು ಹಿಡಿದು ಕರೆಯುವುದು ಬೇಡವೆಂದು ಹೇಳಿ.

ನಿಮ್ಮ ಒಂಬತ್ತು ಕ್ಷಮಾಪಣೆಗಳೂ ನನ್ನ ಪೆಟ್ಟಿಗೆಯಲ್ಲಿವೆ. ಎಲ್ಲವನ್ನೂ ಓದಿದ್ದೇನೆ. ಅಕ್ಷರ ದುಂಡಗಿದೆ, ವಾಕ್ಯ ನೆಟ್ಟಗಿದೆ. ಆದರೆ ಈ ನೆಲದ ಮೂಲನಿವಾಸಿಗಳಾದ ನಮ್ಮಲ್ಲಿ ಕೇಳಬೇಕಾದದ್ದನ್ನು ಕೇಳುವ ಕ್ರಮ ಒಂದಿದೆ. ಇಪ್ಪತ್ತು ವರ್ಷ ನನ್ನ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತವರಿಗೆ ಅದು ಗೊತ್ತಿರಬೇಕಿತ್ತು.

ಯಾವ ಗವಿಯೂ ನನಗೆ ಗೊತ್ತಿಲ್ಲ.

ಲೀರಾಯ್ ಇಷಮ್

*

ಆಲ್ಡರ್ ಸರೋವರ
ಮಾರ್ಚ್ ೨೨, ೧೯೮೬

ಶ್ರೀ ಲೀರಾಯ್ ಇಷಮ್ ಅವರಿಗೆ,

ಇಂದು ಬೆಳಗ್ಗೆ ನಾನು ನಿಮ್ಮ ಮನೆಗೆ ಬಂದಿದ್ದೆ. ನಿಮ್ಮ ತಂಗಿ ಮೆರ್ಸಿ ಆ ಸಂಗತಿಯನ್ನು ಹೇಳಿಯೇ ಇರುತ್ತಾಳೆ. ಅವಳು ಅಲಂಕಾರ ಸೇರಿಸುವ ಸ್ವಭಾವದವಳಾದ್ದರಿಂದ, ನಡೆದದ್ದನ್ನು ನಡೆದಂತೆ ನಾನೂ ದಾಖಲಿಸುತ್ತೇನೆ.

ಬಾಗಿಲು ತೆರೆದವಳು ನನ್ನನ್ನು ಬೂಟಿನಿಂದ ಟೋಪಿಯವರೆಗೆ ನೋಡಿದಳು.

"ಮೇಷ್ಟ್ರೇ! ನಾಲ್ಕು ಮೈಲಿ ಬರೋಕೆ ಹತ್ತು ವರ್ಷ ಹಿಡೀತಾ? ನಮ್ಮ ಕೊಲ್ಲೀಲಿರೋ ಆಮೆ ಇದಕ್ಕಿಂತ ಜೋರಾಗಿ ನಡಿಯುತ್ತೆ."

"ಲೀರಾಯ್ ಇದಾನಾ?"

"ಮೀನಿಗೆ ಹೋಗಿದಾನೆ. ಇದ್ದಿದ್ರೂ ಇಲ್ಲ ಅಂತಿದ್ದೆ. ಕೈಲೇನು, ಇನ್ನೊಂದು ಕಾಗದಾನಾ?"

"ಹೊಗೆಸೊಪ್ಪು."

ಮೆರ್ಸಿ ಬಾಗಿಲಿನ ಹಿಡಿಯಿಂದ ಕೈ ತೆಗೆದಳು. ಆಮೇಲೆ ಕೇಳಿದಳು: "ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ. ನಿಮ್ಮಣ್ಣ ಕಾಡಿಗೆ ಕಾಲಿಡೋ ಮುಂಚೆ ಮರದ ಬುಡಕ್ಕೆ ಒಂದು ಚಿಟಿಕೆ ಇಡ್ತಿದ್ದ. ಯಾರ ಹತ್ರ ಏನು ಕೇಳೋದಿದ್ರೂ ಮೊದಲು ಕೈಗೆ ಹೊಗೆಸೊಪ್ಪು ಕೊಡ್ತಿದ್ದ. ಇಪ್ಪತ್ತು ವರ್ಷ ನೋಡಿದೀನಿ."

"ನೋಡಿದ್ರಿ. ತರ್ಲಿಲ್ಲ."

"ಹೌದು. ತರ್ಲಿಲ್ಲ."

"ಇಲ್ಲಿ ಕೊಡಿ. ಕಾಫಿ ಕುಡೀತೀರಾ, ಇಲ್ಲಾ ಅದಕ್ಕೂ ಅರ್ಜಿ ಬರೀಬೇಕಾ?"

ಕಾಫಿ ಕುಡಿದೆ. ಕಿಟಕಿಯಿಂದ ನಿಮ್ಮ ಹಬೆಮನೆ ಕಾಣುತ್ತಿತ್ತು. ಅರವತ್ತನಾಲ್ಕರ ಬೇಸಗೆಯಲ್ಲಿ, ನಮ್ಮ ಫಿನ್‌ಲೆಂಡಿನವರ ರೀತಿಯಲ್ಲಿ, ಶನಿವಾರದ ಹಬೆಸ್ನಾನಕ್ಕೆಂದು ನಾವಿಬ್ಬರೂ ದಿಮ್ಮಿ ಜೋಡಿಸಿ ಕಟ್ಟಿದ್ದೆವಲ್ಲ, ಅದು. ಈಗ ಅದರ ತುಂಬ ಮೀನಿನ ಬಲೆಗಳಿವೆ, ಚಿಮಣಿಯಲ್ಲಿ ಹಕ್ಕಿ ಗೂಡು ಕಟ್ಟಿದೆ ಎಂದು ಮೆರ್ಸಿ ಹೇಳಿದಳು.

ಕ್ಷಮೆಗೆ ಸರಿಯಾದ ವಾಕ್ಯವೊಂದಿದ್ದರೆ ಸಾಕೆಂದು ಒಂಬತ್ತು ಪತ್ರಗಳ ಕಾಲ ನಂಬಿದ್ದೆ. ಇನ್ನು ಹೆಚ್ಚು ಬರೆಯುವುದಿಲ್ಲ.

ಮರಿ ಗುನುಗುತ್ತಿದೆ. ಒರೆಸುತ್ತಿದ್ದೇವೆ.

ರೇನೊ ಕಂಗಾಸ್

*

ರೈಸ್ ಬೇ
ಮಾರ್ಚ್ ೨೪, ೧೯೮೬

ರೇನೊ ಕಂಗಾಸ್ ಅವರಿಗೆ,

ಗುರುವಾರ ಬೆಳಗ್ಗೆ ಒಂಬತ್ತಕ್ಕೆ, ಬಸ್ಸು ತಿರುಗಿಸುತ್ತಿದ್ದ ಜಾಗಕ್ಕೆ ಬನ್ನಿ.

ಮರಿಯನ್ನು ಸೈಮಾಳ ಹಳೆಯ ಉಣ್ಣೆ ಕೋಟಿನಲ್ಲಿ ಸುತ್ತಿ. ಹೊರಡುವ ಮುಂಚೆ ಹೊಟ್ಟೆ ತುಂಬ ಕುಡಿಸಬೇಡಿ. ಹಸಿದಿದ್ದರೆ ತಾನೇ ಮೊಲೆ ಹುಡುಕುತ್ತದೆ. ನೆಗಡಿಗೆ ಎದೆಗೆ ಹಚ್ಚುವ ಕರ್ಪೂರದ ಮುಲಾಮು ಒಂದು ಡಬ್ಬಿ ತನ್ನಿ, ದೊಡ್ಡದು.

ದಿಕ್ಸೂಚಿ ಬೇಡ. ಗಡಿಯಾರ ಬೇಡ. ಪೆನ್ಸಿಲ್ಲು ಮನೆಯಲ್ಲೇ ಇರಲಿ.

ನೀವು ನನ್ನ ಲಾರಿಯಲ್ಲಿ ಬರುತ್ತೀರಿ. ಲಾರಿ ನಿಲ್ಲಿಸಿದ ಕಡೆ ನೀವು ಇಳಿಯುವುದಿಲ್ಲ. ಎಷ್ಟು ಹೊತ್ತಾದರೂ.

ಲೀರಾಯ್ ಇಷಮ್

*

ರೈಸ್ ಬೇ
ಮಾರ್ಚ್ ೩೦, ೧೯೮೬

ರೇನೊ ಕಂಗಾಸ್ ಅವರಿಗೆ,

ಗುರುವಾರ ನಾನು ಹಿಂದಿರುಗಿ ಬಂದು ಲಾರಿ ಹತ್ತಿದಾಗ "ತಗೊಂಡ್ಲು" ಎಂದಷ್ಟೇ ಹೇಳಿದೆ. ನೀವು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹೋಗುವಾಗಲೂ ಬರುವಾಗಲೂ ನಿಮ್ಮ ಬೂಟನ್ನೇ ನೋಡುತ್ತ ಕೂತಿದ್ದಿರಿ. ನನ್ನ ಹೆಜ್ಜೆ ಯಾವ ಕಡೆಗೆ ಹೋಯಿತೆಂದು ನೋಡಬಾರದೆಂದು ಕಿಟಕಿಗೆ ಟೋಪಿ ಒತ್ತಿ ಹಿಡಿದಿದ್ದಿರಿ ಎಂಬುದೂ ನನಗೆ ಗೊತ್ತು. ಗಾಜಿನ ಮೇಲೆ ಉಣ್ಣೆಯ ಎಳೆಗಳು ಅಂಟಿಕೊಂಡಿದ್ದವು. ಆದ್ದರಿಂದ ಬರೆಯುತ್ತಿದ್ದೇನೆ.

ಜಾಗದ ಮಾತು ಬಿಡಿ. ಮೊದಲು ಹೊಗೆಸೊಪ್ಪು ಇಟ್ಟೆ, ನೀವು ಕೊಟ್ಟದ್ದನ್ನೇ. ನಾನು ಯಾರು, ಏಕೆ ಬಂದೆ ಎಂದು ಹೇಳಿದೆ. ನನ್ನ ಅಜ್ಜಿ ಕರಡಿಯನ್ನು ಅಜ್ಜಿ ಎಂದೇ ಕರೆಯುತ್ತಿದ್ದಳು. ನಾನೂ ಹಾಗೆಯೇ ಕರೆದೆ. ಅವಳು ತಲೆ ಎತ್ತಿದಳು. ಐದು ತಿಂಗಳಿಂದ ಅನ್ನ ನೀರು ಮುಟ್ಟದವಳು, ಎರಡು ಮಕ್ಕಳನ್ನು ಹೆತ್ತು ಹಾಲೂಡಿಸುತ್ತಿರುವವಳು, ಆದರೂ ಕಣ್ಣು ಮಾತ್ರ ಪೂರ್ತಿ ಎಚ್ಚರ. ಕರಡಿ ಹೆಣದ ಹಾಗೆ ಮಲಗುತ್ತದೆ ಎನ್ನುವವರು ಆ ಕಣ್ಣನ್ನು ನೋಡಬೇಕು.

ಉದ್ದದ ಕೋಲಿನ ತುದಿಗೆ ಬಟ್ಟೆ ಸುತ್ತಿ, ಮುಲಾಮು ಬಳಿದು, ಅವಳ ಮೂಗಿಗೆ ಒರೆಸಿದೆ. ಹಲ್ಲು ಕಟಕಟ ಎನಿಸಿ ಉಸಿರನ್ನು ಬುಸ್ಸೆಂದು ಬಿಟ್ಟಳು. ಅವಳ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ. ಮೂಗಿಗೆ ಕರ್ಪೂರ ಹೊಡೆದರೆ ಯಾವುದು ತನ್ನದು, ಯಾವುದು ಪರರದು ಎಂದು ಒಂದು ದಿನ ಗೊತ್ತಾಗುವುದಿಲ್ಲ. ಅಷ್ಟರೊಳಗೆ ಮೂರಕ್ಕೂ ಅವಳದೇ ವಾಸನೆ ಹಿಡಿದಿರುತ್ತದೆ.

ಮರಿಯನ್ನು ಕೋಟಿನಿಂದ ಬಿಡಿಸಿ, ತೋಳು ಚಾಚಿದಷ್ಟು ಒಳಗೆ ಬಿಟ್ಟು, ಹಿಂದೆ ಸರಿದು ಮರದ ಮರೆಯಲ್ಲಿ ಕೂತೆ. ಅದು ಅತ್ತಿತು. ಬಹಳ ಅತ್ತಿತು. ಎದ್ದುಹೋಗಿ ಎತ್ತಿಕೊಂಡು ಬರಲೇ ಎಂದು ಎರಡು ಸಲ ಅನಿಸಿತು. ಒಳಗೆ ಮೊದಲಿಂದ ಇದ್ದ ಎರಡರ ಗುನುಗು ಒಂದರ ಮೇಲೊಂದು ಕೇಳುತ್ತಿತ್ತು, ದೂರದಲ್ಲಿ ದೋಣಿಯ ಯಂತ್ರ ಓಡಿದ ಹಾಗೆ. ಅಳು ನಿಂತಿತು. ಆಗ ನನಗೆ ಹೆದರಿಕೆಯಾಯಿತು.

ಆಮೇಲೆ ಮೂರನೆಯ ಗುನುಗು ಸೇರಿತು. ಅದು ನಿಮ್ಮದು. ಸ್ವಲ್ಪ ಅಪಸ್ವರ.

ಕೋಟನ್ನು ಅಲ್ಲೇ ಬಿಟ್ಟು ಬಂದೆ. ಸೈಮಾಗೆ ಹೇಳಿ, ಕರಡಿ ಅದನ್ನು ಎಳೆದು ಅಡಿಗೆ ಹಾಸಿಕೊಂಡಿತು.

ಲೀರಾಯ್

*

ಆಲ್ಡರ್ ಸರೋವರ
ಜುಲೈ ೨೦, ೧೯೮೬

ಶ್ರೀ ಲೀರಾಯ್ ಅವರಿಗೆ,

ಮಾರ್ಚಿನ ನಿಮ್ಮ ಪತ್ರಕ್ಕೆ ಆಗಲೇ ಉತ್ತರಿಸದಿದ್ದುದು ಔದಾಸೀನ್ಯದಿಂದಲ್ಲ. ಆರು ಸಲ ಬರೆದು ಹರಿದೆ. ಬರೆದ ಪ್ರತಿಯೊಂದೂ ಕ್ಷಮಾಪಣೆಯ ಕಡೆಗೋ ಪ್ರಬಂಧದ ಕಡೆಗೋ ವಾಲುತ್ತಿತ್ತು.

ಈ ವರ್ಷ ಜೂನ್ ಏಳರ ಮಂಜು ನೀಲಿಹಣ್ಣಿನ ಹೂವನ್ನೆಲ್ಲ ಸುಟ್ಟಿತು. ನಮ್ಮ ಹಿಂದಿನ ಬಂಡೆಯ ಮೇಲೆ ಒಂದು ಬಟ್ಟಲಿನಷ್ಟೂ ಹಣ್ಣಿಲ್ಲ. ಹಣ್ಣು ತಪ್ಪಿದ ಬೇಸಗೆಯಲ್ಲಿ ಕರಡಿಗಳು ದೂರ ದೂರ ಅಲೆಯುತ್ತವೆ, ಕಸದ ಡಬ್ಬಿಗಳಿಗೆ ಬರುತ್ತವೆ, ಬಂದೂಕಿನ ಗುಂಡಿಗೆ ಬಲಿಯಾಗುತ್ತವೆ. ಮೂರು ಮರಿಗಳಿಗೆ ಹಾಲೂಡಿಸುವ ತಾಯಿಯ ಹಾಲು ಮೊದಲು ಬತ್ತುತ್ತದೆ. ಅವಳಿಗೆ ಎರಡೇ ಇದ್ದವು. ಮೂರನೆಯದನ್ನು ಹೊರಿಸಿದವನು ನಾನು. ಈ ಲೆಕ್ಕವನ್ನು ಮಾಡದಿರಲು ಯತ್ನಿಸುತ್ತೇನೆ, ಸಾಧ್ಯವಾಗುತ್ತಿಲ್ಲ.

ಸೈಮಾ ಸೇಬಿನ ಪೆಟ್ಟಿಗೆಯನ್ನು ಒಲೆಯ ಹಿಂದಿನಿಂದ ತೆಗೆಯಲು ಬಿಡುತ್ತಿಲ್ಲ. ಮೊನ್ನೆ ವೇಕ್ಕೊ ಅದರ ಮೇಲೆ ಕೂರಲು ಹೋದ. "ಅದು ಪಿಪ್ಪಾಳ ಜಾಗ, ಏಳೋ ಮೇಲೆ" ಎಂದು ಗದರಿದಳು. ಹೆಸರು ಹೊರಬಿತ್ತು. ನಿಮ್ಮ ಊಹೆ ಸರಿಯಾಗಿತ್ತು. ನಾಲ್ಕು ತಿಂಗಳು ಅವಳು ಅದನ್ನು ಬಾಯೊಳಗೇ ಇಟ್ಟುಕೊಂಡಿದ್ದಳು.

ಎಲ್ಲಿ ಎಂದು ಕೇಳುವುದಿಲ್ಲ. ಇದೆಯೇ ಎಂದಷ್ಟೇ ತಿಳಿದರೆ ಸಾಕು.

ರೇನೊ

*

ರೈಸ್ ಬೇ
ಆಗಸ್ಟ್ ೨೮, ೧೯೮೬

ರೇನೊ ಅವರಿಗೆ,

ಇದೆ.

ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಜುಲೈನಲ್ಲಿ ನನಗೂ ಗೊತ್ತಿರಲಿಲ್ಲ. ಸುಳ್ಳು ಸಮಾಧಾನ ಬರೆಯಲು ಇಷ್ಟವಿರಲಿಲ್ಲ. ನೆನ್ನೆ ನೋಡಿದೆ.

ದೊಡ್ಡ ಬಿಳಿ ಪೈನ್ ಮರವೊಂದಿದೆ. ತಾಯಿ ಮೇವಿಗೆ ಹೋಗುವಾಗ ಮಕ್ಕಳನ್ನು ಅದರ ಮೇಲೆ ಹತ್ತಿಸಿ ಹೋಗುತ್ತಾಳೆ. ಆ ಮರದ ತೊಗಟೆ ಒರಟು, ಸಣ್ಣ ಉಗುರಿಗೆ ಹಿಡಿತ ಸಿಗುತ್ತದೆ. ನಾನು ಕಾಲುದಾರಿಯಲ್ಲಿ ಹೋಗುತ್ತಿದ್ದಾಗ ಅವಳು ಒಂದು ಸಲ ಗುರುಗುಟ್ಟಿದಳು, ಮೂರೂ ಸರಸರ ಏರಿದವು. ಎರಡು ಒಂದೇ ಉಸಿರಿಗೆ ತುದಿಗೆ. ಮೂರನೆಯದು ಎಂಟು ಅಡಿ ಏರಿ, ನಿಂತು, ತಿರುಗಿ ನನ್ನನ್ನು ನೋಡಿತು. ಎಡಗಿವಿಯಲ್ಲಿ ಕಚ್ಚು. ತಾಯಿ ಬಂದು ಹಿಂಭಾಗಕ್ಕೆ ಒಂದು ಏಟು ಕೊಟ್ಟಳು. ಆಮೇಲೆ ಅದೂ ಹತ್ತಿತು. ನೀವು ಬಾಟಲಿಯಲ್ಲಿ ಕಲಿಸಿದ್ದನ್ನು ಅವಳು ಏಟು ಕೊಟ್ಟು ಮರೆಸುತ್ತಿದ್ದಾಳೆ. ಒಳ್ಳೆಯದು.

ಮೂರೂ ತೆಳ್ಳಗಿವೆ. ಆದರೆ ಹಣ್ಣಿಲ್ಲದಿದ್ದರೆ ಅವಳಿಗೆ ಬೇರೆ ವಿದ್ಯೆ ಗೊತ್ತು. ಕೊಳೆತ ದಿಮ್ಮಿಗಳನ್ನೆಲ್ಲ ತಿರುವಿಹಾಕಿ ಇರುವೆಮೊಟ್ಟೆ ನೆಕ್ಕಿಸುತ್ತಿದ್ದಾಳೆ. ಜೌಗಿನ ಗೆಡ್ಡೆ ಕೀಳುವುದನ್ನು ತೋರಿಸಿದ್ದಾಳೆ. ಹ್ಯಾಜೆಲ್ ಕಾಯಿ ಈ ವರ್ಷ ಚೆನ್ನಾಗಿ ಕಚ್ಚಿದೆ. ಮೆರ್ಸಿ ಕೀಳಲು ಹೊರಟಿದ್ದಳು. "ಈ ಸಲ ಬಿಡೇ, ಅವರ ಮನೇಲಿ ಮೂರು ಮಕ್ಕಳಿವೆ" ಎಂದೆ. "ನಮ್ಮನೇಲಿ ಒಂದು ಮುದಿ ಕರಡಿ ಇದೆಯಲ್ಲ, ಅದಕ್ಕೇನು ಹಾಕಲಿ?" ಎಂದಳು. ಕೀಳಲಿಲ್ಲ.

ಲೀರಾಯ್

*

ಆಲ್ಡರ್ ಸರೋವರ
ಜೂನ್ ೨೯, ೧೯೮೭

ಲೀರಾಯ್ ಅವರಿಗೆ,

ಈ ಪತ್ರದೊಡನೆ ಎರಡು ಹಾಳೆಗಳನ್ನು ಲಗತ್ತಿಸಿದ್ದೇನೆ. ವಾರಪತ್ರಿಕೆಯ ಹೊಸ ಸಂಪಾದಕಿ ಕರಡಿಗಳ ಬಗ್ಗೆ ಬರೆಯಲು ಕೇಳಿದರು. ಹನ್ನೊಂದು ವರ್ಷ ನಾನು ಆ ವಿಷಯವನ್ನು ಮುಟ್ಟಿಲ್ಲವೆಂಬುದು ಅವರಿಗೆ ತಿಳಿಯದು. ಬರೆಯುವುದಿಲ್ಲವೆಂದೆ. ಆಮೇಲೆ ವೇಕ್ಕೊ ನೆನಪಾದ. ತಾಯಿ ಹಿಂದಿರುಗುತ್ತಾಳೆ ಎಂಬ ಒಂದು ವಾಕ್ಯ ಸಕಾಲದಲ್ಲಿ ಅವನಿಗೆ ತಿಳಿದಿದ್ದರೆ ಮರಿ ತನ್ನ ತಾಯಿಯ ಬಳಿಯೇ ಇರುತ್ತಿತ್ತು. ಆದ್ದರಿಂದ ಬರೆದೆ. ನಿಮ್ಮ ಪೆನ್ಸಿಲಿನಿಂದ ತಿದ್ದದೆ ಇದು ಎಲ್ಲಿಗೂ ಹೋಗುವುದಿಲ್ಲ. ತಿದ್ದಲು ಇಷ್ಟವಿಲ್ಲವಾದರೆ ಒಲೆಗೆ ಹಾಕಿ, ಪ್ರತಿ ಇಟ್ಟುಕೊಂಡಿಲ್ಲ.

ಇನ್ನೊಂದು ವಿಷಯ. ಈ ತಿಂಗಳ ಹನ್ನೊಂದರಂದು ನಾನೊಂದು ದೃಶ್ಯ ಕಂಡೆ. ಎಲ್ಲಿ ಎಂದು ಬರೆಯುವುದಿಲ್ಲ. ಆ ತಾಯಿ, ಅವಳ ಹಿಂದೆ ಎರಡು ವರ್ಷ ದಾಟದ ಮೂರು ಮಕ್ಕಳು. ಒಂದು ಚಳಿಗಾಲವನ್ನು ತಾಯಿಯೊಡನೆ ಒಂದೇ ಗವಿಯಲ್ಲಿ ಕಳೆದು ದೊಡ್ಡವಾಗಿದ್ದವು. ಸ್ವಲ್ಪ ದೂರದಲ್ಲಿ ಒಬ್ಬ ದೊಡ್ಡ ಗಂಡುಕರಡಿ ಕಾದು ನಿಂತಿದ್ದ. ತಾಯಿ ಇದ್ದಕ್ಕಿದ್ದಂತೆ ತಿರುಗಿ ತನ್ನ ಮಕ್ಕಳನ್ನೇ ಅಟ್ಟಿದಳು. ಅವು ಆಟವೆಂದುಕೊಂಡು ಮರ ಹತ್ತಿದವು. ಇಳಿದು ಬಂದಾಗ ಮತ್ತೆ ಅಟ್ಟಿದಳು. ಕಚ್ಚುಗಿವಿಯವಳು ಎಲ್ಲರಿಗಿಂತ ಹೆಚ್ಚು ಹೊತ್ತು ಅಲ್ಲೇ ನಿಂತಿದ್ದಳು. ಆಮೇಲೆ ಅವಳೂ ಹೋದಳು.

ಪಾಠ ಹೇಳುವಾಗ ನಾನು ಇದನ್ನು ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದೆ: ಹದಿನೇಳನೆಯ ತಿಂಗಳಲ್ಲಿ ತಾಯಿ ಮರಿಗಳನ್ನು ತ್ಯಜಿಸುತ್ತದೆ. ಕಣ್ಣಾರೆ ಕಂಡ ಮೇಲೆ ಆ ಕ್ರಿಯಾಪದ ನನಗೆ ಒಪ್ಪಿಗೆಯಾಗುತ್ತಿಲ್ಲ.

ರೇನೊ

*

ರೈಸ್ ಬೇ
ಜುಲೈ ೬, ೧೯೮೭

ರೇನೊ,

ನಿಮ್ಮ ಲೇಖನ ಓದಿದೆ. ಮೆರ್ಸಿಗೂ ಓದಿ ಹೇಳಿದೆ. "ಉದ್ದ ಇದೆ, ಆದ್ರೆ ನಿದ್ದೆ ಬರ್ಲಿಲ್ಲ" ಎಂದಳು.

ಎರಡು ಕಡೆ ಹೊಡೆದುಹಾಕಿದ್ದೇನೆ. ಒಂದು, "ಮಿಂಚು ಬಡಿದ ಬಿಳಿ ಪೈನ್" ಎಂಬ ಕಡೆ "ಮಿಂಚು ಬಡಿದ" ಎಂಬುದು ಬೇಡ. ಮಿಂಚು ಬಡಿದದ್ದು ಎಷ್ಟಿರುತ್ತವೆ? ಎರಡು, ನನ್ನ ಹೆಸರು. ಅದೂ ಒಂದು ಜಾಗವೇ. ನಾನು ಯಾವ ಕಡೆ ಓಡಾಡುತ್ತೇನೆಂದು ಎಲ್ಲರಿಗೂ ಗೊತ್ತು. ಉಳಿದದ್ದು ಅಚ್ಚಾಗಲಿ. ವೇಕ್ಕೊಗೆ ಒಂದು ಪ್ರತಿ ಕೊಡಿ, ಈ ಸಲ ಅವನು ಮೀನಿಗೆ ಹೋಗುವ ಮುಂಚೆ.

ತಾಯಿ ಅಟ್ಟುವುದನ್ನು ನಾನು ಆರು ಸಲ ನೋಡಿದ್ದೇನೆ. ಗಂಡುಮಕ್ಕಳು ದೂರ ಹೋಗುತ್ತವೆ, ಕೆಲವು ನೂರು ಮೈಲಿ. ಹೆಣ್ಣುಮಕ್ಕಳು ಹೋಗುವುದಿಲ್ಲ. ತಾಯಿ ತನ್ನ ನೆಲದಲ್ಲೇ ಒಂದು ಮೂಲೆಯನ್ನು ಮಗಳಿಗೆ ಬಿಟ್ಟು, ತಾನು ಆಚೆಗೆ ಸರಿದುಕೊಳ್ಳುತ್ತಾಳೆ. ಇಬ್ಬರೂ ಜೊತೆಗೆ ನಡೆಯುವುದಿಲ್ಲ. ಎದುರಾದರೆ ನಿಂತು ನೋಡುತ್ತವೆ, ಅಷ್ಟೆ. ಆದರೆ ಒಬ್ಬಳು ಬೆನ್ನು ಉಜ್ಜಿದ ಮರಕ್ಕೆ ಇನ್ನೊಬ್ಬಳು ಬಂದು ಮೂಗಿಟ್ಟು ಹೋಗುತ್ತಾಳೆ. ಯಾರು ಬಂದಿದ್ದರು, ಹೇಗಿದ್ದಾರೆ ಎಂದು ತಿಳಿದುಕೊಳ್ಳುತ್ತಾಳೆ. ಹತ್ತು ವರ್ಷವಾದರೂ.

ಕ್ರಿಯಾಪದದ ವಿಷಯ ನಿಮಗೆ ಬಿಟ್ಟದ್ದು. ನನಗೆ ಬಸ್ಸು ಓಡಿಸುವುದು ಮಾತ್ರ ಗೊತ್ತು.

ಲೀರಾಯ್

*

ಆಲ್ಡರ್ ಸರೋವರ
ಅಕ್ಟೋಬರ್ ೧೯, ೧೯೮೭

ಲೀರಾಯ್,

ಕಳೆದ ಮೂವತ್ತೆಂಟು ವರ್ಷಗಳಲ್ಲಿ ಶನಿವಾರದ ಸಂಜೆ ನಮ್ಮ ಹಬೆಮನೆಯ ಒಲೆ ಉರಿಯದೆ ಹೋದದ್ದು ಈ ತಿಂಗಳಿಗೆ ಮುಂಚೆ ಎರಡೇ ಸಲ: ನನ್ನ ತಾಯಿ ತೀರಿಕೊಂಡ ವಾರ, ಮತ್ತು ೧೯೭೬ರ ಆ ಭಾನುವಾರದ ಹಿಂದೆಯೇ ಬಂದ ಶನಿವಾರ. ಇದನ್ನು ಮೊದಲು ಹೇಳುವುದು ಮುಂದಿನದರ ತೂಕ ನಿಮಗೆ ತಿಳಿಯಲೆಂದು.

ಈ ಚಳಿಗಾಲ ನಮ್ಮ ಹಬೆಮನೆಗೆ ಬೆಂಕಿ ಹಾಕುವುದಿಲ್ಲ. ಏಪ್ರಿಲ್ ಕಳೆಯುವವರೆಗೆ.

ಊರಿನಲ್ಲಿ ಆಗಲೇ ಮಾತು ಹುಟ್ಟಿದೆ. ವೇಕ್ಕೊ ನಿನ್ನೆ ಬಾಗಿಲಲ್ಲೇ ನಿಂತು ಕೇಳಿದ: "ಏನ್ ಮಾವ, ಒಲೆ ಕೆಟ್ಟಿದ್ರೆ ಹೇಳಿ, ರಿಪೇರಿ ಮಾಡ್ಕೊಡ್ತೀನಿ."

"ಒಲೆ ಚೆನ್ನಾಗಿದೆ."

"ಮತ್ತೆ? ಕಂಗಾಸ್ ಮನೆತನದೋರು ಸ್ನಾನ ಬಿಟ್ರಂತೆ ಅಂತ ಅಂಗಡೀಲಿ ನಗ್ತಿದಾರೆ. ಚರ್ಚಲ್ಲಿ ನಿಮ್ಮ ಬೆಂಚು ಖಾಲಿ ಬಿಡ್ತಾರಂತೆ."

"ಬಿಡಲಿ. ಕಾಲು ಚಾಚಿಕೊಂಡು ಕೂರ್ತೀವಿ" ಎಂದಳು ಸೈಮಾ, ಮತ್ತು ಅವನನ್ನು ಹಿತ್ತಲ ಕಡೆಗೆ ಹೋಗಗೊಡದೆ ಮುಂಬಾಗಿಲಿನಿಂದಲೇ ಕಾಫಿ ಕೊಟ್ಟು ಕಳುಹಿಸಿದಳು. ನಾವು ಹಿತ್ತಲಲ್ಲಿ ಕಟ್ಟಿಗೆ ಒಡೆಯುವುದನ್ನೂ ಹಬೆಮನೆಯ ನೆಲದ ಹಲಗೆಯ ಮೇಲೆ ಕಾಲಿಡುವುದನ್ನೂ ನಿಲ್ಲಿಸಿದ್ದೇವೆ. ಪಿಸುಮಾತಿನಲ್ಲಿ ಬಟ್ಟೆ ಒಣಗಿಸುತ್ತೇವೆ. ಅಡುಗೆಮನೆಯಲ್ಲಿ ಬಾನಿಯೊಳಗೆ ಬಿಸಿನೀರು ಸುರಿದುಕೊಂಡು, ಒಬ್ಬರ ಬೆನ್ನನ್ನು ಒಬ್ಬರು ಉಜ್ಜಿಕೊಂಡು, ಇದನ್ನು ಸ್ನಾನವೆಂದು ಕರೆಯಬಹುದೇ ಎಂದು ಚರ್ಚಿಸುತ್ತೇವೆ.

ಕಾರಣವನ್ನು ನಾನು ಬರೆಯಲಾರೆ. ನನ್ನ ನಲವತ್ತು ವರ್ಷಗಳ ಬರವಣಿಗೆಯಲ್ಲಿ ಕಾರಣ, ಸ್ಥಳ, ದಿನಾಂಕಗಳಿಲ್ಲದ ಹೇಳಿಕೆಯನ್ನು ನಾನು ಯಾವ ವಿದ್ಯಾರ್ಥಿಯಿಂದಲೂ ಒಪ್ಪಿಕೊಂಡವನಲ್ಲ. ಈ ಒಂದನ್ನು ನೀವು ನನ್ನಿಂದ ಒಪ್ಪಿಕೊಳ್ಳಬೇಕು.

ಇಷ್ಟನ್ನು ಮಾತ್ರ ಹೇಳಬಲ್ಲೆ. ಎಡಗಿವಿಯ ಕಚ್ಚು ಹಾಗೆಯೇ ಇದೆ. ಬಹಳ ದಪ್ಪಗಾಗಿದ್ದಾಳೆ. ಸೈಮಾ ಆ ಹೆಸರನ್ನು ಒಂದು ಸಲವೂ ಉಚ್ಚರಿಸಿಲ್ಲ. ನಾನು ಮೊದಲ ದಿನವೇ ಒಂದು ಚಿಟಿಕೆ ಹೊಗೆಸೊಪ್ಪನ್ನು ಸೇಬಿನ ಮರದ ಬುಡಕ್ಕೆ ಇಟ್ಟೆ. ಕ್ರಮ ಸರಿಯಾಗಿತ್ತೋ ಇಲ್ಲವೋ ತಿಳಿಯದು. ಏನು ಹೇಳಬೇಕೆಂದು ತೋಚದೆ, ನನ್ನ ಹೆಸರನ್ನು ಹೇಳಿ ಸುಮ್ಮನೆ ನಿಂತೆ.

ರೇನೊ

*

ರೈಸ್ ಬೇ
ಅಕ್ಟೋಬರ್ ೨೧, ೧೯೮೭

ರೇನೊ,

ಕಾರಣ ಕೇಳುವುದಿಲ್ಲ.

ಬಲೆಗಳನ್ನೆಲ್ಲ ಹೊರಗೆ ಹಾಕಿದ್ದೇನೆ. ಹಕ್ಕಿ ಹಾರಿಹೋಗಿತ್ತು, ಗೂಡನ್ನು ತೆಗೆದು ಚಿಮಣಿ ಗುಡಿಸಿದ್ದೇನೆ. ಕೆಳಗಿನ ಬೆಂಚಿನ ಒಂದು ಹಲಗೆ ಕೊಳೆತಿತ್ತು, ಬದಲಿಸಿದೆ. ನೀನು ಅರವತ್ತನಾಲ್ಕರಲ್ಲಿ ಹೊಡೆದ ಮೊಳೆಗಳು ಇನ್ನೂ ನೆಟ್ಟಗಿವೆ. ನಾನು ಹೊಡೆದವು ಆಗಲೂ ಸೊಟ್ಟ, ಈಗಲೂ ಸೊಟ್ಟ.

ನೆನ್ನೆ ಸುಮ್ಮನೆ ಬೆಂಕಿ ಹಾಕಿ ನೋಡಿದೆ. ಕಲ್ಲು ಕಾಯುತ್ತದೆ. ಹೊಗೆ ಕಂಡು ಮೆರ್ಸಿ ಓಡಿಬಂದಳು. "ಮನೆಗೆ ಬೆಂಕಿ ಬಿತ್ತಾ?" ಎಂದಳು. ಇಲ್ಲವೆಂದೆ. ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. "ಹಾಗಾದ್ರೆ ಟವೆಲ್ ಒಗೀಬೇಕು" ಎಂದು ಹೋದಳು.

ಶನಿವಾರ ನಾಲ್ಕಕ್ಕೆ ಬಾ. ಸೈಮಾಳನ್ನೂ ಕರೆದುಕೊಂಡು ಬಾ. ಏಪ್ರಿಲ್ ಕಳೆಯುವವರೆಗೆ ಪ್ರತಿ ಶನಿವಾರ.

ಹೊರಡುವಾಗ ಹಿತ್ತಲ ಬಾಗಿಲನ್ನು ಮೆಲ್ಲಗೆ ಹಾಕಿ.

ಲೀರಾಯ್